ವಿಕ್ಸ್‌ಬರ್ಗಿಗೆ ಯಾವ ಬಣ್ಣ

ಜೂನ್ ತಿಂಗಳಲ್ಲಿ ದೋಹಾದ ನಲ್ಲಿಗಳಲ್ಲಿ ತಣ್ಣೀರು ಬರುವುದಿಲ್ಲ. ಚಾವಣಿಯ ಮೇಲಿನ ಟ್ಯಾಂಕು ಹಗಲೆಲ್ಲ ಬಿಸಿಲಿಗೆ ಕಾದು, ಬೆಳಗಿನ ಐದು ಗಂಟೆಗೂ ಕೈ ಚುರುಗುಟ್ಟುವ ನೀರೇ ಬರುತ್ತದೆ. ಗೀಸರಿನ ಸ್ವಿಚ್ಚು ಆರಿಸಿಟ್ಟು, ಅದರೊಳಗೆ ನಿಂತು ತಣಿದ ನೀರನ್ನೇ ತಣ್ಣೀರೆಂದು ಬಳಸುವ ಉಪಾಯವನ್ನು ಇಲ್ಲಿಗೆ ಬಂದ ಹೆಂಗಸರೆಲ್ಲ ಮೊದಲ ಬೇಸಿಗೆಯಲ್ಲೇ ಕಲಿಯುತ್ತಾರೆ. ಆ ಸೋಮವಾರವೂ ನಾನು ಗೀಸರಿನ ನೀರಿನಲ್ಲಿ ಮುಖ ತೊಳೆದೆ. ಏಸಿಯಿಂದ ತೊಟ್ಟಿಕ್ಕಿ ತುಂಬಿದ್ದ ಬಕೆಟನ್ನು ಬಾಲ್ಕನಿಯ ತುಳಸಿಗೂ ಕರಿಬೇವಿಗೂ ಸುರಿದೆ. ಖಾಲಿ ಬಕೆಟನ್ನು ಪೈಪಿನ ಕೆಳಗೆ ಮತ್ತೆ ಇಟ್ಟಾಗ ಮೊದಲ ಹನಿ ತಳಕ್ಕೆ ಬಿದ್ದು ಟಣ್ ಎಂದದ್ದು ನೆನಪಿದೆ.

ರಂಜಾನ್ ತಿಂಗಳು. ಕೆಳಗಿನ ಮನೆಗಳವರು ಬೆಳಗಿನ ಜಾವದ ಊಟ ಮುಗಿಸಿ ಮಲಗಿದ್ದರು. ಮೆಟ್ಟಿಲಿನಲ್ಲಿ ಹುರಿದ ಈರುಳ್ಳಿಯ ವಾಸನೆ ಮಾತ್ರ ಉಳಿದಿತ್ತು. ನನ್ನ ಗಂಡ ಎಂದಿನಂತೆ ಎರಡು ಲೋಟ ಕಾಫಿ ಕುಡಿಯುತ್ತಿದ್ದರು. ಆ ತಿಂಗಳು ಹೊರಗೆ ಕಾಲಿಟ್ಟರೆ ಸಂಜೆಯವರೆಗೆ ಯಾರೆದುರಿಗೂ ನೀರೂ ಕುಡಿಯುವಂತಿಲ್ಲ. ಮುಶೈರಿಬ್‌ನಲ್ಲಿ, ಹಡಗಿನಲ್ಲಿ ಬಂದ ಸರಕಿನ ಕಾಗದಪತ್ರ ನೋಡುವ ಕಚೇರಿಯಲ್ಲಿ ಅವರಿಗೆ ಕೆಲಸ. ಕಾಫಿಯನ್ನು ನೆಲದ ಮೇಲೆ ಕುಳಿತು ಕುಡಿಯುತ್ತಿದ್ದರು. ಯಾಕೆಂದರೆ ಊಟದ ಮೇಜಿನ ಮೇಲೆ ಯುದ್ಧ ಹರಡಿಕೊಂಡಿತ್ತು.

ಮಗಳು ಆಗ ಎಂಟನೇ ತರಗತಿ. ಇಂಡಿಯನ್ ಸ್ಕೂಲಿನಲ್ಲಿ ಸೀಟು ಸಿಗದೆ, ಅಮೇರಿಕದ ಪಾಠ ಹೇಳುವ ಒಂದು ಶಾಲೆಗೆ ಹಾಕಿದ್ದೆವು. ವರ್ಷದ ಕೊನೆಯ ಪ್ರಾಜೆಕ್ಟ್ ಎಂದು ಆ ದೇಶದ ಅಂತರ್ಯುದ್ಧದ ಚಾರ್ಟ್ ಮಾಡಿಕೊಂಡು ಬರಲು ಹೇಳಿದ್ದರು. ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ತಪ್ಪೀತೆಂದು ದಕ್ಷಿಣದ ರಾಜ್ಯಗಳು ಬೇರೆಯಾಗಿ, ಉತ್ತರದವರ ಜೊತೆ ನಾಲ್ಕು ವರ್ಷ ಬಡಿದಾಡಿದ ಯುದ್ಧ. ನೂರೈವತ್ತು ವರ್ಷಕ್ಕೂ ಹಳೆಯದು. ದೊಡ್ಡ ನಕಾಶೆ ಬರೆದು, ಮುಖ್ಯವಾದ ಕಾಳಗಗಳನ್ನು ಗುರುತಿಸಬೇಕು. ನೆಲದ ಮೇಲೆ ನಡೆದದ್ದಕ್ಕೆ ಕೆಂಪು ಚುಕ್ಕಿ, ನೀರಿನ ಮೇಲೆ ನಡೆದದ್ದಕ್ಕೆ ನೀಲಿ ಚುಕ್ಕಿ. ಪ್ರತಿ ಚುಕ್ಕಿಯ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಚೀಟಿ, ಅದರಲ್ಲಿ ನಾಲ್ಕು ಸಾಲು. ಮಂಗಳವಾರ ಒಪ್ಪಿಸಬೇಕಿತ್ತು.

"ಅಮ್ಮಾ, ವಿಕ್ಸ್‌ಬರ್ಗ್ ಇನ್ನೂ ಹಾಗೇ ಬಿಟ್ಟಿದ್ದೀಯಲ್ಲ!" ಅಂದಳು ಮಗಳು, ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು.

"ಅದಕ್ಕೆ ಯಾವ ಬಣ್ಣ ಅಂತ ಗೊತ್ತಾಗ್ಲಿಲ್ಲ ಪುಟ್ಟಾ. ನದಿಯಿಂದ್ಲೂ ಹೊಡೆದಿದ್ದಾರೆ, ನೆಲದಿಂದ್ಲೂ ಹೊಡೆದಿದ್ದಾರೆ."

"ಯಾವುದಾದ್ರೂ ಒಂದು ಹಾಕು. ಹೂ ಕೇರ್ಸ್?"

"ಹಾಗೆಲ್ಲ ಹೇಳ್ಬಾರ್ದು."

"ಇದು ನನ್ನ ಪ್ರಾಜೆಕ್ಟ್ ಅಮ್ಮಾ, ನಿಂದಲ್ಲ."

"ಅದನ್ನೇ ನಾನೂ ಹೇಳುದು" ಅಂದರು ಗಂಡ ನೆಲದಿಂದ. ಅವರು ಉಡುಪಿ ಕಡೆಯವರು. "ಮೂರು ದಿನ ಆಯ್ತು ನಾನು ಕೆಳಗೆ ಕೂತು ಉಣ್ಲಿಕ್ಕೆ ಸುರು ಮಾಡಿ. ಅಮೇರಿಕದವರ ಜಗಳ ಮುಗಿಯುವ ತನಕ ನಂಗೆ ಮೇಜು ಸಿಗುವ ಹಾಗೆ ಕಾಣುದಿಲ್ಲ."

ಮಗಳು ಹೇಳಿದ್ದು ನಿಜ. ಅವಳು ನಕಾಶೆಯ ಹೊರಗೆರೆ ಎಳೆದು, ಎರಡು ಚೀಟಿ ಬರೆದು ಕೈಬಿಟ್ಟಿದ್ದಳು. ಉಳಿದದ್ದೆಲ್ಲ ನನ್ನ ಕೈಬರಹ.

ನಾನು ಕಾರವಾರದಲ್ಲಿ ಕಾನ್ವೆಂಟಿಗೆ ಹೋದವಳು. ಚರಿತ್ರೆ ಹೇಳಿಕೊಡುತ್ತಿದ್ದ ಸಿಸ್ಟರ್ ನಕಾಶೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸಮುದ್ರಕ್ಕೆ ಪೆನ್ಸಿಲಿನಿಂದ ಗೀಚುವಂತಿರಲಿಲ್ಲ. ನೀಲಿ ಪೆನ್ಸಿಲಿನ ತುದಿಯನ್ನು ಬ್ಲೇಡಿನಿಂದ ಹೆರೆದು ಪುಡಿ ಮಾಡಿ, ಹತ್ತಿಯ ಉಂಡೆಯಿಂದ ಕರಾವಳಿಯ ಗುಂಟ ಮೆಲ್ಲಗೆ ತಿಕ್ಕಬೇಕು. ದಂಡೆಯ ಹತ್ತಿರ ಗಾಢ, ಒಳಗೆ ಹೋದಂತೆ ತೆಳು. ಹಾಗೆ ತಿಕ್ಕುವಾಗಲೇ ಒಮ್ಮೆ ಅವರು ಈ ಅಮೇರಿಕದ ಯುದ್ಧದ ಮಾತು ಎತ್ತಿದ್ದರು. ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳ ಎದುರು ಸಾಲಾಗಿ ನಿಂತು ದಾರಿ ಕಟ್ಟಿದವಂತೆ. ಅಲ್ಲಿಯ ಹತ್ತಿ ಹೊರಗೆ ಬರಲಿಲ್ಲ, ವಿಲಾಯತಿಯ ಗಿರಣಿಗಳು ನಿಂತವು, ಆಗ ಧಾರವಾಡದ ಹತ್ತಿಗೆ ಬೆಲೆ ಬಂತು. ಅದನ್ನು ಇಳಿಸಲು ಘಟ್ಟಕ್ಕೆ ರಸ್ತೆ, ಸಾಗಿಸಲು ನಮ್ಮೂರಿಗೆ ಬಂದರು. "ನಿಮ್ಮ ಕೈಯಲ್ಲಿರುವ ಹತ್ತಿಗೂ ಆ ಯುದ್ಧಕ್ಕೂ ಸಂಬಂಧ ಉಂಟು ಮಕ್ಕಳೇ" ಎಂದಿದ್ದರು. ಯುದ್ಧ ಮುಗಿದ ಕೂಡಲೇ ಬೆಲೆ ಬಿದ್ದುಹೋಯಿತು, ಬಂದರಿನ ಕೆಲಸ ಅರ್ಧಕ್ಕೇ ನಿಂತಿತು ಎಂದು ಆಮೇಲೆ ಅಪ್ಪ ಸೇರಿಸಿದ್ದರು. ಅಪ್ಪ ಅದೇ ಬಂದರಿನ ಕಚೇರಿಯಲ್ಲಿ ಗುಮಾಸ್ತರು.

ಸಿಸ್ಟರ್ ಇಟ್ಟಿದ್ದ ಇನ್ನೊಂದು ನಿಯಮವೂ ಇತ್ತು. ಹಿಡಿದ ಕೆಲಸ ಮುಗಿಸದೆ ಬೆಂಚಿನಿಂದ ಏಳಕೂಡದು. ಗಂಟೆ ಹೊಡೆದರೂ ಸರಿ. ಒಮ್ಮೆ ನನ್ನ ಕರಾವಳಿ ಅರ್ಧವಾಗಿದ್ದಾಗ ಗಂಟೆ ಹೊಡೆಯಿತು, ಬಸ್ಸು ಹೋಯಿತು, ನಾನು ಕೂತು ಮುಗಿಸಿ ನಡೆದುಕೊಂಡು ಮನೆ ಸೇರಿದೆ. ಮರುದಿನ ಸಿಸ್ಟರ್ ನನ್ನನ್ನು ನಿಲ್ಲಿಸಿ ಇಡೀ ತರಗತಿಯಿಂದ ಚಪ್ಪಾಳೆ ಹೊಡೆಸಿದರು. ಆ ಚಪ್ಪಾಳೆ ನನಗೆ ಒಳ್ಳೆಯದು ಮಾಡಲಿಲ್ಲವೇನೋ.

ಹೀಗೆ ಮಗಳ ಚಾರ್ಟ್ ನನ್ನದಾಗಿತ್ತು. ಗಂಡ, ಮಗಳು ಹೊರಟ ಮೇಲೆ ನಾನು ಪಾತ್ರೆ ತೊಳೆದು, ಮೇಜಿನ ಮುಂದೆ ಕುಳಿತೆ. ಪಕ್ಕದ ಕುರ್ಚಿಯ ಮೇಲೆ ಇನ್ನೊಂದು ಕೆಲಸ ಕಾಯುತ್ತಿತ್ತು: ಅಮ್ಮನ ಹಳೆಯ ಹತ್ತಿ ಸೀರೆ.

ಅದರ ವಿಷಯ ಹೇಳಬೇಕು. ನನ್ನ ತಂಗಿ ಬಹ್ರೇನಿನಲ್ಲಿದ್ದಳು. ದೋಹಾದಿಂದ ಅಲ್ಲಿಗೆ ವಿಮಾನದಲ್ಲಿ ಮುಕ್ಕಾಲು ಗಂಟೆ. ನಡುವೆ ಒಂದು ತುಂಡು ಸಮುದ್ರ. ಅವಳ ಗಂಡ ಸಮುದ್ರದೊಳಗಿನ ಎಣ್ಣೆಬಾವಿಗಳಿಗೆ ಸಾಮಾನು ಒಯ್ಯುವ ಹಡಗಿನಲ್ಲಿದ್ದರು. ಒಂದು ತಿಂಗಳು ನೀರಿನ ಮೇಲೆ, ಒಂದು ತಿಂಗಳು ಮನೆಯಲ್ಲಿ. ತಂಗಿಗೆ ಆಗ ಎಂಟೂವರೆ ತಿಂಗಳು. ಮೊದಲನೆಯದು ಏಳು ತಿಂಗಳಲ್ಲಿ ಹೋಗಿತ್ತು. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಬರುವುದು ರೂಢಿ. ಆದರೆ ಅಪ್ಪ ಮೊದಲೇ ತೀರಿಕೊಂಡಿದ್ದರು, ಅಮ್ಮ ಹೋಗಿ ಎರಡು ವರ್ಷವಾಗಿತ್ತು, ಊರಿನಲ್ಲಿ ಬಾಗಿಲು ತೆರೆಯುವವರು ಇರಲಿಲ್ಲ. ಆದರೂ ಐದನೇ ತಿಂಗಳಲ್ಲಿ ಅವಳು, "ಚಿಕ್ಕಮ್ಮನ ಮನೆಗೆ ಹೋಗ್ಬಿಡ್ಲಾ ಅಕ್ಕಾ?" ಎಂದು ಕೇಳಿದ್ದಳು.

"ಯಾಕೆ? ನಾನಿಲ್ವಾ? ಅಮ್ಮ ಇಲ್ದಿದ್ರೆ ಅಕ್ಕ. ನೀನು ಅಲ್ಲೇ ಇರು, ನಾನು ಬರ್ತೇನೆ."

"ಖಂಡಿತ ಬರ್ತೀ ಅಲ್ದಾ?"

"ಆಣೆ."

ಅವಳು ಹೋಗಲಿಲ್ಲ. ಆಮೇಲೆ ಡಾಕ್ಟರರೇ ಪ್ರಯಾಣ ಬೇಡವೆಂದರು. ಅವಳ ಗಂಡ ಹಡಗಿನಿಂದ ಬರುವುದು ಇಪ್ಪತ್ತನೇ ತಾರೀಕಿಗೆ. ಅಲ್ಲಿಯವರೆಗೆ ಆ ಮನೆಯಲ್ಲಿ ಅವಳೊಬ್ಬಳೇ. ನನ್ನ ಟಿಕೆಟ್ ಗುರುವಾರಕ್ಕಿತ್ತು. ಚಾರ್ಟ್ ಮಂಗಳವಾರ ಒಪ್ಪಿಸಿ, ಬುಧವಾರ ಮನೆಗೆ ಎರಡು ವಾರದ ಸಾರಿನಪುಡಿ, ಚಟ್ನಿಪುಡಿ ಮಾಡಿಟ್ಟು ಹೊರಡುವುದೆಂದು ನಾನೇ ಆರಿಸಿದ್ದೆ. ಓಮ, ಮೆಂತೆ, ಒಣಶುಂಠಿ, ಊರಿನಿಂದ ತರಿಸಿದ ಬಾಣಂತಿ ಲೇಹದ ಬಾಟಲಿ ಎಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿದ್ದವು. ಅಮ್ಮನ ಸೀರೆಯನ್ನು ಮಗುವಿಗೆ ಸುತ್ತಲು ಚೌಕ ಚೌಕವಾಗಿ ಹರಿಯುತ್ತಿದ್ದೆ. ಹುಟ್ಟಿದ ಮಗುವಿನ ಮೈಗೆ ಹೊಸ ಬಟ್ಟೆ ತಾಗಿಸಬಾರದು, ಮನೆಯ ಹಿರಿಯಳು ಉಟ್ಟು ಮೆತ್ತಗಾದ ಸೀರೆಯೇ ಆಗಬೇಕು.

ಸಮುದ್ರಕ್ಕೆ ಬಣ್ಣ ತಿಕ್ಕಲು ಹತ್ತಿ ಹುಡುಕಿದರೆ ಮನೆಯಲ್ಲಿ ಇರಲಿಲ್ಲ. ಒಂದು ಚೌಕವನ್ನೇ ಮುದ್ದೆ ಮಾಡಿ ತೆಗೆದುಕೊಂಡೆ.

ಹತ್ತು ಗಂಟೆಯ ಹೊತ್ತಿಗೆ ಗಂಡ ಫೋನ್ ಮಾಡಿದರು. ಹಿಂದೆ ಬೇರೆಯವರ ಗದ್ದಲ ಕೇಳುತ್ತಿತ್ತು.

"ನ್ಯೂಸ್ ನೋಡಿದ್ಯಾ?"

"ಇಲ್ಲ. ಯಾಕೆ?"

"ಸೌದಿ, ಬಹ್ರೇನ್, ದುಬೈಯವರು ಎಲ್ಲ ಸೇರಿ ಕತಾರಿನ ಜೊತೆ ಸಂಬಂಧ ಕಡಿದುಕೊಂಡಿದ್ದಾರಂತೆ. ನೆಲದ ಬಾರ್ಡರ್ ಬಂದ್. ನಮ್ಮ ಕಂಟೇನರು ದುಬೈಯಲ್ಲೇ ನಿಂತಿದೆ, ಇಲ್ಲಿ ಯಾರಿಗೂ ತಲೆಬುಡ ಗೊತ್ತಾಗ್ತಾ ಇಲ್ಲ. ನೋಡು, ಒಂದು ವಿಷಯ. ಎರಡೂವರೆಯ ಬಹ್ರೇನ್ ಫ್ಲೈಟಿನಲ್ಲಿ ಸೀಟು ಉಂಟು. ನಾಳೆ ಬೆಳಿಗ್ಗೆದ್ರಲ್ಲೂ ಉಂಟು ಅಂತ ತೋರಿಸ್ತದೆ. ಹೇಗೆ ಮಾಡುವ?"

"ಈಗಲೇ?"

"ಹೋಗುದಾದ್ರೆ ಹೇಳು, ಗುರುವಾರದ್ದು ಬದಲಿಸ್ತೇನೆ, ಬಂದು ಏರ್‌ಪೋರ್ಟಿಗೆ ಬಿಡ್ತೇನೆ."

ಅಲ್ ಥುಮಾಮಾದ ನಮ್ಮ ಮನೆಯಿಂದ ಏರ್‌ಪೋರ್ಟು ದೂರವಲ್ಲ. ಫೋನು ಕಿವಿಗಿಟ್ಟುಕೊಂಡು ನಾನು ಸುತ್ತ ನೋಡಿದೆ. ಕಟ್ಟೆಯ ಮೇಲೆ ಹುರಿಯದ ಮೆಂತೆ. ಅರ್ಧ ಹರಿದ ಸೀರೆ. ಮಗಳು ಒಂದೂವರೆಗೆ ಬಂದರೆ ಊಟವಿಲ್ಲ. ಮೇಜಿನ ಮೇಲೆ ಬಣ್ಣವಿಲ್ಲದ ವಿಕ್ಸ್‌ಬರ್ಗ್, ದಕ್ಷಿಣದ ಕರಾವಳಿಗೆ ಇನ್ನೂ ತಿಕ್ಕದ ನೀಲಿ.

"ನಾಳೆ ಬೆಳಿಗ್ಗೆದು ಸಾಕು" ಅಂದೆ. "ಇಲ್ಲಿ ಎಲ್ಲ ಹರಡಿಕೊಂಡಿದೆ. ಇದೊಂದು ಮುಗಿಸಿ, ಚೀಲ ಕಟ್ಟಿ, ಸಮಾಧಾನದಲ್ಲಿ ಹೋಗ್ತೇನೆ."

"ನೋಡು ಮಾರಾಯ್ತಿ..."

"ರಂಜಾನಿನಲ್ಲಿ ಯಾರಾದ್ರೂ ನೆರೆಮನೆ ಬಾಗಿಲು ಹಾಕಿಡ್ತಾರಾ? ಸಂಜೆಗೆ ಸರಿ ಹೋಗ್ತದೆ."

"ಆಯ್ತು" ಅಂದರು. ಆ ಕಡೆ ಯಾರೋ "ಯಲ್ಲಾ, ಯಲ್ಲಾ" ಎಂದು ಅವರನ್ನು ಕರೆಯುತ್ತಿದ್ದರು.

ಅಲ್ಲಿಂದ ಮುಂದಿನ ಮೂರು ಗಂಟೆಗಳನ್ನು ನಾನು ಹೇಗೆ ಕಳೆದೆನೆಂದು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲೆ, ಏಕೆಂದರೆ ಆಮೇಲೆ ಅದನ್ನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಮೊದಲು ಕರಾವಳಿ ಮುಗಿಸಿದೆ. ಹಡಗುಗಳು ದಾರಿ ಕಟ್ಟಿ ನಿಂತ ಕರಾವಳಿ ಅದೇ. ಆದರೆ ಅವು ವರ್ಷಗಟ್ಟಲೆ ಸುಮ್ಮನೆ ನಿಂತದ್ದನ್ನು ಕಾಳಗವೆಂದು ಎಣಿಸುವುದಿಲ್ಲ, ಚಾರ್ಟಿನಲ್ಲಿ ಅದಕ್ಕೆ ಚುಕ್ಕಿಯೂ ಇಲ್ಲ, ಚೀಟಿಯೂ ಇಲ್ಲ. ಆಮೇಲೆ ಹ್ಯಾಂಪ್ಟನ್ ರೋಡ್ಸ್ ಎಂಬ ಕೊಲ್ಲಿಯ ಚೀಟಿ ಬರೆದೆ. ಕಬ್ಬಿಣ ಹೊದಿಸಿದ ಎರಡು ಹಡಗುಗಳು ಮೊದಲ ಸಲ ಎದುರುಬದುರಾದ ಜಾಗ. ಒಂದು ನೀರಿನ ಮೇಲೆ ತೇಲುವ ಮನೆಯ ಮಾಡಿನ ಹಾಗಿತ್ತು, ಇನ್ನೊಂದು ಹಲಗೆಯ ಮೇಲೆ ಇಟ್ಟ ಡಬ್ಬಿಯ ಹಾಗೆ. ತಾಸುಗಟ್ಟಲೆ ಗುಂಡು ಹೊಡೆದುಕೊಂಡರೂ ಎರಡೂ ಮುಳುಗಲಿಲ್ಲ. ಇಬ್ಬರೂ ತಾವೇ ಗೆದ್ದೆವೆಂದು ಹೇಳಿಕೊಂಡರು. ಹಿಂದಿನ ದಿನ ಆ ಮಾಡಿನಂಥ ಹಡಗಿಗೆ ಸಿಕ್ಕಿದ ಮರದ ಹಡಗುಗಳಲ್ಲಿ ಇದ್ದವರು ಮಾತ್ರ ಮುಳುಗಿಹೋಗಿದ್ದರು, ಸುಟ್ಟುಹೋಗಿದ್ದರು.

ಶೈಲೋಗೆ ಕೆಂಪು. ಒಂದು ಸಣ್ಣ ಮರದ ಇಗರ್ಜಿಯ ಹೆಸರು ಅದು. ಅದರ ಸುತ್ತ ಎರಡು ದಿನದಲ್ಲಿ ಸಾವಿರಾರು ಹುಡುಗರು ಬಿದ್ದರು. ಆಂಟಿಟಮ್ ಎಂಬ ಹಳ್ಳದ ಪಕ್ಕ ಆಳೆತ್ತರದ ಜೋಳದ ಹೊಲವಿತ್ತಂತೆ. ಬೆಳಿಗ್ಗೆ ಶುರುವಾದದ್ದು ಸಂಜೆಗೆ ಮುಗಿಯುವಾಗ ಹೊಲ ಕತ್ತಿಯಿಂದ ಕೊಯ್ದಷ್ಟು ಬೋಳಾಗಿತ್ತು. ಆ ದೇಶದ ಯುದ್ಧಗಳ ಇಡೀ ಚರಿತ್ರೆಯಲ್ಲಿ ಒಂದೇ ದಿನ ಅಷ್ಟು ಜನ ಮತ್ತೆಂದೂ ಬಿದ್ದಿಲ್ಲ ಎಂದು ಮಗಳ ಪುಸ್ತಕದಲ್ಲಿತ್ತು. ನಾನು ಅದನ್ನೆಲ್ಲ ಒಂದು ಸ್ಪೆಲ್ಲಿಂಗೂ ತಪ್ಪದೆ, ಓರೆಯಾಗದ ಕಾನ್ವೆಂಟಿನ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ.

ಕೊನೆಗೆ ವಿಕ್ಸ್‌ಬರ್ಗ್. ದೊಡ್ಡ ನದಿಯ ತಿರುವಿನಲ್ಲಿ ಗುಡ್ಡದ ಮೇಲಿನ ಊರು. ನದಿಯಲ್ಲಿ ತೋಪಿನ ದೋಣಿಗಳು, ನೆಲದ ಕಡೆ ಸೈನ್ಯ. ಒಂದೂವರೆ ತಿಂಗಳು ಒಳಗೆ ಏನೂ ಹೋಗಲಿಲ್ಲ, ಹೊರಗೆ ಯಾರೂ ಬರಲಿಲ್ಲ. ಊರಿನ ಹೆಂಗಸರು ಗುಡ್ಡದ ಮಣ್ಣಿನಲ್ಲಿ ಗುಹೆ ಕೊರೆದು, ಅದರೊಳಗೆ ಮಂಚ, ಚಾಪೆ, ಕನ್ನಡಿ ಇಟ್ಟುಕೊಂಡು ಸಂಸಾರ ಮಾಡಿದರು. ಹೇಸರಗತ್ತೆಗಳನ್ನು ಕೊಂದು ತಿಂದರು. ಕಾಗದ ಮುಗಿದು, ಗೋಡೆಗೆ ಅಂಟಿಸುವ ಹೂವಿನ ಕಾಗದದ ಹಿಂಬದಿಯಲ್ಲಿ ಪತ್ರಿಕೆ ಅಚ್ಚಾಯಿತು. ಅಂಥ ಗುಹೆಯೊಂದರಲ್ಲಿ ಒಂದು ಮಗುವೂ ಹುಟ್ಟಿತು ಎಂದು ಪುಸ್ತಕದ ಕೆಳಗಿನ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಆ ಸಣ್ಣ ಅಕ್ಷರವನ್ನು ನಾನು ಓದಿದೆ. ಹೆರಿಗೆಗೆ ಅಲ್ಲಿ ಯಾರಿದ್ದರೋ ಎಂದು ಒಂದು ಗಳಿಗೆ ಯೋಚಿಸಿದೆ ಕೂಡ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಆಗ ಎದ್ದಿದ್ದರೂ ವಿಮಾನ ಸಿಗುತ್ತಿತ್ತು. ನಾನು ಏಳಲಿಲ್ಲ. ಚುಕ್ಕಿಯ ನಡುವೆ ಕೂದಲೆಳೆಯಷ್ಟು ಸಪೂರ ಗೆರೆ ಎಳೆದು, ಒಂದು ಅರ್ಧಕ್ಕೆ ಕೆಂಪು ಹಚ್ಚಿ, ಅದು ಒಣಗುವವರೆಗೆ ಕಾದು, ಇನ್ನೊಂದು ಅರ್ಧಕ್ಕೆ ನೀಲಿ ಹಚ್ಚಿದೆ. ಒಂದು ಬಣ್ಣ ಇನ್ನೊಂದಕ್ಕೆ ತಾಗಲಿಲ್ಲ. ಎದ್ದು ಹಿಂದೆ ನಿಂತು ನೋಡಿದೆ. ಚಂದ ಕಂಡಿತು.

ಆಮೇಲೆ ಅನ್ನಕ್ಕಿಟ್ಟು, ಮೆಂತೆ ಹುರಿದೆ.

ಮೂರು ಗಂಟೆಗೆ ಗಂಡ ಮತ್ತೆ ಫೋನ್ ಮಾಡಿದರು. ಈ ಸಲ ಹಿಂದೆ ಗದ್ದಲವಿರಲಿಲ್ಲ. ಅವರು ಮೆಟ್ಟಿಲಿಗೆ ಬಂದು ಮಾತಾಡುತ್ತಿದ್ದರೆಂದು ಕಾಣುತ್ತದೆ.

"ಖಲಾಸ್" ಅಂದರು. "ನಾಳೆಯಿಂದ ಒಂದೂ ಫ್ಲೈಟಿಲ್ಲ. ಆಕಾಶವೂ ಬಂದ್ ಅಂತೆ."

"ಇವತ್ತು ಸಂಜೆದು?"

"ಅದು ಆಗಲೇ ತುಂಬಿದೆ. ನಾನು ಐದು ಜನರ ಕಾಲು ಹಿಡಿದೆ. ಮಾಫಿ ಸೀಟ್, ಮಾಫಿ ಸೀಟ್ ಅಂತ ಹೇಳಿ ಫೋನ್ ಇಟ್ರು."

ಅವರು "ಆಗಲೇ ಹೇಳಿದ್ದೆ" ಎನ್ನಲಿಲ್ಲ. ಇಂದಿನವರೆಗೂ ಅಂದಿಲ್ಲ.

ತಂಗಿಗೆ ಫೋನ್ ಮಾಡುವ ಮೊದಲು ಹತ್ತು ನಿಮಿಷ ಬಾತ್ರೂಮಿನಲ್ಲಿ ಕುಳಿತಿದ್ದೆ. ಅವಳು ಮೊದಲ ರಿಂಗಿಗೇ ಎತ್ತಿದಳು.

"ಅಕ್ಕಾ, ಟಿವಿಯಲ್ಲಿ ಏನೇನೋ ಹೇಳ್ತಿದ್ದಾರೆ. ನೀ ಗುರುವಾರ ಬರ್ತೀ ಅಲ್ದಾ?"

"ಬರ್ತೇನೆ ಕಣೇ. ಸ್ವಲ್ಪ ಸುತ್ತಿ ಬರ್ಬೇಕಾಗ್ತದೆ. ಮಸ್ಕತ್ ಮೇಲಿಂದ."

"ಅಷ್ಟು ಹತ್ತಿರ ಬರೂದಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದು ನಕ್ಕಳು. "ಪರವಾಗಿಲ್ಲ. ನಾನೇನು ಸಣ್ಣ ಮಗುವಾ. ಫ್ರಿಜ್ಜಿನಲ್ಲಿ ಎಲ್ಲಾ ಇಟ್ಕೊಂಡಿದ್ದೇನೆ."

ಎರಡೂವರೆಯ ವಿಮಾನದ ವಿಷಯ ನಾನು ಹೇಳಲಿಲ್ಲ. ಮಸ್ಕತ್ ದಾರಿಯ ಸೀಟುಗಳೆಲ್ಲ ಆ ವಾರ ಸಿಕ್ಕಿಹಾಕಿಕೊಂಡವರಿಂದ ತುಂಬಿಹೋಗಿದ್ದವು. ನನಗೆ ಸೀಟು ಸಿಕ್ಕಿದ್ದು ಒಂಬತ್ತನೆಯ ದಿನಕ್ಕೆ.

ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ. ಏನು ತಿಂದೆ, ಕಾಲು ಬಾತಿದೆಯಾ, ಬಾಗಿಲಿಗೆ ಚಿಲಕ ಹಾಕಿದೆಯಾ. ಆರನೆಯ ದಿನ ಸಂಜೆ ಅವಳು, "ಇವತ್ತು ಒದೀಲೇ ಇಲ್ಲ ಅಕ್ಕಾ, ಸುಮ್ನೆ ಮಲಗಿದೆ. ನಿನ್ ಹಾಗೇ ಸಂಭಾವಿತ ಆಗ್ತದೆ ಕಾಣ್ತದೆ" ಅಂದಳು. ನಾನು ನಕ್ಕೆ. ಫೋನಿನಲ್ಲಿ ಅದು ತಮಾಷೆಯಾಗಿ ಕೇಳಿಸಿತು. ಅಲ್ಲಿದ್ದಿದ್ದರೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಎಳೆದುಕೊಂಡು ಹೋಗುತ್ತಿದ್ದೆ. ಅಮ್ಮ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು. ತಂಗಿ ರಾತ್ರಿಯೆಲ್ಲ ಕಾದು, ಬೆಳಗಾದ ಮೇಲೆ ತಾನೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದಳು. ಅಷ್ಟರಲ್ಲಿ ಒಳಗೆ ಗುಂಡಿಗೆ ನಿಂತಿತ್ತು. ಹೆಣ್ಣು ಮಗು. ಒಂದು ದಿನ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತೇ ಎಂದು ಆಮೇಲೆ ಕೇಳಿದಾಗ, ಹಾಗೆಲ್ಲ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಇಲ್ಲವೆಂದು ಹೇಳಲಿಲ್ಲ.

ನಾನು ಹೋಗುವಾಗ ಅವಳು ಮನೆಗೆ ಬಂದಾಗಿತ್ತು. ಎದೆಹಾಲು ಕಟ್ಟಿ ಕಲ್ಲಿನಂತಾಗಿತ್ತು. ಮಗುವಿಗೆಂದು ಹರಿದು ತಂದಿದ್ದ ಅಮ್ಮನ ಸೀರೆಯ ಚೌಕಗಳನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಅವಳ ಎದೆಯ ಮೇಲೆ ಇಡುತ್ತಾ ಕುಳಿತೆ. ಒದ್ದೆಯಾದದ್ದನ್ನು ತೆಗೆದು ಇನ್ನೊಂದು ಇಡುವುದು. ಮೂರು ದಿನ ಅದೇ ಕೆಲಸ. ಒಂದು ಚೌಕವನ್ನು ಅವಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದೇನೇ ಅಕ್ಕಾ, ನೀಲಿ?"

"ಬಣ್ಣ ತಾಗಿತ್ತು. ತೊಳೆದ್ರೂ ಹೋಗ್ಲಿಲ್ಲ."

"ಹ್ಞೂಂ" ಎಂದು ವಾಪಸು ಕೊಟ್ಟಳು. ಅಷ್ಟೇ. ಆ ಸೋಮವಾರ ನನಗೆ ಒಂದು ಸೀಟಿತ್ತು ಎಂದು ಅವಳಿಗೆ ನಾನು ಈವರೆಗೂ ಹೇಳಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಅವಳು ಕನ್ನಡ ಓದುವವಳು; ಓದಿದರೆ ಓದಲಿ.

ಆದರೆ ಆ ಸೋಮವಾರದ ಸಂಜೆ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಬರುತ್ತೇನೆಂದು ಆಣೆ ಇಟ್ಟವಳು ಹೋಗಲಿಲ್ಲ ಎಂಬುದಷ್ಟೇ ಗೊತ್ತಿತ್ತು. ಅಸ್ತಮಾನದ ಬಾಂಗಿಗೆ ಸ್ವಲ್ಪ ಮೊದಲು ಬಾಲ್ಕನಿಯಲ್ಲಿ ನಿಂತಿದ್ದೆ. ಏಸಿಯ ಬಕೆಟ್ ತುಂಬಿ ಚೆಲ್ಲುತ್ತಿತ್ತು. ಏರ್‌ಪೋರ್ಟಿನ ಕಡೆಯಿಂದ ಎದ್ದ ಒಂದು ವಿಮಾನ ನಮ್ಮ ಕಟ್ಟಡದ ಮೇಲಿಂದ ಉತ್ತರಕ್ಕೆ ತಿರುಗಿತು. ಅದು ಎಲ್ಲಿಗೆ ಹೋಗುವುದೆಂದು ನನಗೇನು ಗೊತ್ತು. ಆದರೂ ಅದರ ದೀಪ ಕಾಣದಾಗುವವರೆಗೆ ನೋಡಿದೆ.

ಕರೆಗಂಟೆ ಹೊಡೆದದ್ದು ಎದುರು ಮನೆಯವರು. ಕುಂದಾಪುರ ಕಡೆಯ ಕ್ರಿಶ್ಚಿಯನ್ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಇಪ್ಪತ್ತೈದು ವರ್ಷದಿಂದ ದೋಹಾದಲ್ಲಿದ್ದವರು. ಬೆವರಿ ತೊಯ್ದಿದ್ದರು. ಎರಡು ಕೈಯಲ್ಲೂ ಸೂಪರ್‌ಮಾರ್ಕೆಟ್ಟಿನ ಚೀಲ.

"ತಕೊಳ್ಳಿ, ನಿಮಗೆ ಅಂತ ಎರಡು ಹಾಲು ಹಿಡ್ಕೊಂಡು ಬಂದೆ" ಎಂದು ಒಳಗೆ ಬಂದು ಕುರ್ಚಿಯ ಮೇಲೆ ಕುಸಿದರು. "ಅಯ್ಯೋ ದೇವಾ, ಎಂಥ ರಶ್ಶು ಮಾರಾಯ್ರೆ! ಹಾಲಿನ ಕಪಾಟು ಪೂರಾ ಖಾಲಿ. ಕೋಳಿ ಇಲ್ಲ, ಮೊಟ್ಟೆ ಇಲ್ಲ. ಒಬ್ಬಳು ಟ್ರಾಲಿ ತುಂಬ ಬರೀ ನೀರಿನ ಬಾಟ್ಲಿ. ಯುದ್ಧ ಬಂದ ಹಾಗೆ! ಕೆಲವರು ಸುಮ್ಮನೆ ನೋಡ್ಲಿಕ್ಕೆ ಬಂದವರು, ಮಕ್ಕಳನ್ನು ಕರ್ಕೊಂಡು."

ಆ ಯುದ್ಧದ ಮೊದಲ ದೊಡ್ಡ ಕಾಳಗ ನೋಡಲು ಪಟ್ಟಣದವರು ಬುತ್ತಿ ಕಟ್ಟಿಕೊಂಡು ಗಾಡಿಗಳಲ್ಲಿ ಬಂದಿದ್ದರು ಎಂದು ನಾನೇ ಬರೆದ ಚೀಟಿಯೊಂದು ಮೇಜಿನ ಮೇಲೆ ಅವರ ಮೊಣಕೈಯ ಪಕ್ಕದಲ್ಲೇ ಇತ್ತು. ಅವರು ಕನ್ನಡಕ ಏರಿಸಿ ಚಾರ್ಟಿನ ಮೇಲೆ ಬಾಗಿದರು.

"ಇದೆಲ್ಲ ನೀವು ಬರ್ದದ್ದಾ? ಪ್ರಿಂಟ್ ಮಾಡಿದ ಹಾಗೆ ಉಂಟಲ್ಲ! ನಮ್ಮ ಹುಡುಗರು ಇಂಥದ್ದು ಒಂದು ದಿನ ಮಾಡಿದವರಲ್ಲ. ಈ ಚುಕ್ಕಿ ಮಾತ್ರ ಎರಡು ಬಣ್ಣ ಯಾಕೆ?"

"ಅದು ಎರಡೂ ಕಡೆಯಿಂದ ಮುಚ್ಚಿದ ಊರು" ಅಂದೆ.

ಮಗಳು ಒಳಗಿನಿಂದ, "ಆಂಟಿ, ಅಮ್ಮ ಇವತ್ತು ಬಹ್ರೇನಿಗೆ ಹೋಗ್ಬೇಕಿತ್ತು, ಈ ಚಾರ್ಟ್ ಇತ್ತಂತ ಹೋಗ್ಲಿಲ್ಲ" ಎಂದು ಕೂಗಿದಳು. ಕಚೇರಿಯಿಂದ ಬಂದ ಅಪ್ಪ ಫೋನಿನಲ್ಲಿ ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಅವಳ ದನಿಯಲ್ಲಿ ಸಂತೋಷವೇ ಇತ್ತು, ಅಮ್ಮ ತನಗಾಗಿ ಉಳಿದಳೆಂದು.

ಹೊರಗೆ ಬಾಂಗ್ ಶುರುವಾಯಿತು. ಕೆಳಗಿನ ಮನೆಗಳಲ್ಲಿ ತಟ್ಟೆ ಲೋಟಗಳ ಸದ್ದು ಒಮ್ಮೆಗೇ ಎದ್ದಿತು. ಎದುರು ಮನೆಯವರು ಚೀಲಗಳನ್ನು ಎತ್ತಿಕೊಂಡರು, ಚಪ್ಪಲಿಗೆ ಕಾಲು ತೂರಿಸುತ್ತಾ ನನ್ನ ಕಡೆ ತಿರುಗಿದರು.

"ಒಳ್ಳೇದೇ ಆಯ್ತಲ್ಲ ಮಾರಾಯ್ರೆ" ಅಂದರು. "ಹೋಗಿದ್ರೆ ಅಲ್ಲೇ ಸಿಕ್ಕಿ ಬೀಳ್ತಿದ್ರಿ ನೋಡಿ."